ಲಕ್ಷದ ಆಂಪ್ಲಿಫೈಯರು ಮತ್ತು ಅಪ್ಪನ ಕಿವಿ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ವಿಷಯ ಇರಲಿಲ್ಲ ಅಂತಲ್ಲ, ಬರೆದರೆ ಮರ್ಯಾದೆ ಹೋಗುವಂಥ ವಿಷಯ ಒಂದೇ ತಲೆಯಲ್ಲಿತ್ತು. ಇರಲಿ, ಇಲ್ಲಿಗೆ ಬರೋರೆಲ್ಲ ನಮ್ಮವರೇ ತಾನೇ, ಹೇಳಿಬಿಡ್ತೀನಿ.

ನನ್ನ ಹತ್ತಿರ ಒಂದು ಆಂಪ್ಲಿಫೈಯರ್ ಇದೆ. ಸ್ಪೀಕರಿಗಲ್ಲ, ಬರೀ ಹೆಡ್‌ಫೋನಿಗೆ. ಕಸ್ಟಮ್ಸು, ತೆರಿಗೆ ಎಲ್ಲ ಸೇರಿ 1,12,000 ರೂಪಾಯಿ ಬಿತ್ತು. ಮನೆಯಲ್ಲಿ ಹೇಳಿದ ಬೆಲೆ ಬೇರೆ (ನನ್ನಾಕೆ ಈ ಬ್ಲಾಗ್ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ). ನಾಲ್ಕು ಕೆ.ಜಿ. ತೂಕ, ಮುಂದುಗಡೆ ಲಾಡುವಿನಷ್ಟು ದಪ್ಪದ ವಾಲ್ಯೂಮ್ ಗುಂಡಿ. ಕ್ಲಾಸ್ ಎ ಸರ್ಕ್ಯೂಟ್ ಆದ್ದರಿಂದ ಹಾಡು ಇರಲಿ ಬಿಡಲಿ ಸದಾ ಬಿಸಿ. ಯಾವ ಕಂಪನಿ ಅಂತ ಕೇಳಬೇಡಿ. ಅದರದ್ದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನದೇ.

ಈ ಹುಚ್ಚು ಇವತ್ತಿನದಲ್ಲ. ಧಾರವಾಡದಲ್ಲಿ ಪಿಯುಸಿ ಓದುವಾಗಲೇ ಟಿಬಿಎ 810 ಐಸಿ ಹಾಕಿ ಆಂಪ್ಲಿಫೈಯರ್ ಮಾಡಿ, ಅಪ್ಪನ ಟೇಪ್ ರೆಕಾರ್ಡರಿಗೆ ಸಿಕ್ಕಿಸಿ, ಗುಂಯ್‌ಗುಡುವ ಹಮ್ಮಿನ ನಡುವೆ ಮಲ್ಲಿಕಾರ್ಜುನ ಮನ್ಸೂರರ ದನಿ ಎಲ್ಲಿದೆ ಅಂತ ಹುಡುಕಿದವನು ನಾನು. ಬೆಂಗಳೂರಿಗೆ ಬಂದ ಮೇಲೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಟ್ರಾನ್ಸ್‌ಫಾರ್ಮರು, ಕೆಪಾಸಿಟರು ಅಂತ ಎಷ್ಟು ಶನಿವಾರ ಕಳೆದೆನೋ ಲೆಕ್ಕವಿಲ್ಲ. ಆಮೇಲೆ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ಬಂತು. ಅದು ಬಂದ ಮೇಲೆ ಇಂಟರ್ನೆಟ್ಟಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು. ಇದಕ್ಕೆ ತಕ್ಕ ಆಂಪ್ ಇಲ್ಲದಿದ್ದರೆ ಇದರ ನಿಜವಾದ ದನಿ ಕೇಳಿಸೋದೇ ಇಲ್ಲ ಅಂತ. ಆ ಮಾತು ನಂಬಿ ನಾನೂ ಎಷ್ಟು ಜನಕ್ಕೆ ಹಾಗೇ ಹೇಳಿದ್ದೀನೋ! ಆಫೀಸಿನ ಒಬ್ಬ ಹುಡುಗ ನನ್ನ ಮಾತು ಕೇಳಿ ಇಎಂಐ ಮೇಲೆ ಆಂಪ್ ತಗೊಂಡ. ಅವನ ಮುಖ ನೋಡೋಕೆ ಈಗ ಸ್ವಲ್ಪ ಕಷ್ಟ.

ಯಾಕಂದ್ರೆ ಲೆಕ್ಕ ಹಾಕಿ ನೋಡಿದೆ. ಎಚ್‌ಡಿ 650ರ ಇಂಪೀಡೆನ್ಸ್ 300 ಓಮ್. ಒಂದು ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರುತ್ತೆ ಅಂತ ಅದರ ಜೊತೆ ಬಂದ ಕಾಗದದಲ್ಲೇ ಇದೆ. ಒಂದು ವೋಲ್ಟ್ ಅಂದ್ರೆ ಇಲ್ಲಿ ಬರೀ 3.3 ಮಿಲಿವ್ಯಾಟ್. 103 ಡೆಸಿಬೆಲ್ ಅಂದ್ರೆ ಎಷ್ಟು ಅಂತೀರಾ? ಅಮೆರಿಕದ ನಿಯೋಶ್ ಸಂಸ್ಥೆ ಕಾರ್ಖಾನೆ ಕೆಲಸಗಾರರಿಗೆ ಹಾಕಿರೋ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧ ಆಗ್ತಾ ಹೋಗುತ್ತೆ. 103ಕ್ಕೆ ಬಂದರೆ ಏಳೂವರೆ ನಿಮಿಷ! ನನ್ನ ಯಂತ್ರ ಕೊಡಬಲ್ಲದ್ದು ವ್ಯಾಟುಗಳ ಲೆಕ್ಕದಲ್ಲಿ. ಕಿರಾಣಿ ಅಂಗಡಿಗೆ ಹೋಗೋಕೆ ಲಾರಿ ತಗೊಂಡ ಹಾಗಾಯ್ತು.

ಹಾಗಂತ ಆಂಪ್ ಯಾರಿಗೂ ಬೇಡ ಅಂತಲ್ಲ. ಹೈಫೈಮ್ಯಾನ್ ಎಚ್‌ಇ-6 ಥರದ ಹೆಡ್‌ಫೋನುಗಳಿವೆ, ಅಷ್ಟೇ ಸದ್ದಿಗೆ 90 ಮಿಲಿವ್ಯಾಟ್ ಹತ್ತಿರ ಕೇಳುತ್ತವೆ. ಅದಕ್ಕೆ ಬೇಕು. ಇನ್ನು ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇದ್ದರೆ ದನಿಯ ಬಣ್ಣವೇ ಬದಲಾಗುತ್ತೆ. ಕೆಲವು ವಾಲ್ವ್ ಆಂಪುಗಳಲ್ಲಿ ಎಚ್‌ಡಿ 650ರ ಬೇಸ್ ಉಬ್ಬಿದ ಹಾಗೆ ಕೇಳೋದು ಇದೇ ಕಾರಣಕ್ಕೆ. ಅದನ್ನೇ ಬೆಚ್ಚಗಿನ ದನಿ ಅಂತ ಹೊಗಳಿ ಬರೀತಾರೆ. ಇಷ್ಟ ಆದರೆ ಸಂತೋಷ, ಆದರೆ ಅದು ಮಂತ್ರ ಅಲ್ಲ, ಓಮ್ಸ್ ಲಾ.

ಎನ್‌ಡಬ್ಲ್ಯೂಎವಿಗೈ ಅನ್ನೋ ವಿಚಿತ್ರ ಹೆಸರಿಟ್ಟುಕೊಂಡ ಅನಾಮಧೇಯ ಎಂಜಿನಿಯರ್ ಒಬ್ಬ ಇದ್ದ. ನಮ್ಮ ಹಾಗೇ ಪುಕ್ಕಟೆ ಜಾಗದಲ್ಲಿ ಬ್ಲಾಗ್ ಬರೀತಿದ್ದವನು! 2011ರಲ್ಲಿ ಆಬ್ಜೆಕ್ಟಿವ್2, ಅಂದರೆ ಓ2 ಅನ್ನೋ ಹೆಡ್‌ಫೋನ್ ಆಂಪಿನ ಪೂರ್ತಿ ನಕ್ಷೆಯನ್ನ ಅಲ್ಲಿ ಹಾಕಿಬಿಟ್ಟ. ಎರಡು 9 ವೋಲ್ಟ್ ಬ್ಯಾಟರಿ, ಅಗ್ಗದ ಆಪ್-ಆಂಪುಗಳು, ಅಷ್ಟೇ. ಇದರ ಮುಂದೆ ದುಬಾರಿ ಯಂತ್ರಗಳು ಕೇಳೋಕೆ ಬೇರೆ ಥರ ಇದ್ದರೆ ಕಣ್ಣು ಕಟ್ಟಿಕೊಂಡು ತೋರಿಸಿ ಅನ್ನೋದು ಅವನ ವಾದ. ದೊಡ್ಡ ರಾದ್ಧಾಂತ ಆಯ್ತು. 2012ರಲ್ಲಿ ಆಸಾಮಿ ಬರೆಯೋದು ನಿಲ್ಲಿಸಿ ನಾಪತ್ತೆ.

ನನ್ನ ಹತ್ತಿರ ಹಳೇ ಓ2 ಒಂದಿತ್ತು. ಒಂದು ಭಾನುವಾರ ಮಗಳನ್ನ ಕೂರಿಸಿಕೊಂಡೆ. ಒಂದೇ ಮೂಲದಿಂದ ಎರಡಕ್ಕೂ ವೈರ್ ಎಳೆದು, ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಸಮ ಮಾಡಿದೆ. ಇದನ್ನ ಮಾಡದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ, ಯಾಕಂದ್ರೆ ಒಂಚೂರು ಜೋರಾಗಿ ಇರೋದು ಯಾವಾಗಲೂ ಚೆನ್ನಾಗಿ ಕೇಳುತ್ತೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಅವಳು ನಾಣ್ಯ ಚಿಮ್ಮಿ ಪ್ಲಗ್ ಬದಲಾಯಿಸ್ತಾ ಹೋದಳು. ಬಾಯಿಬಡುಕಿ, ಆದರೂ ಅವತ್ತು ತುಟಿ ಬಿಚ್ಚಲಿಲ್ಲ. 20 ಸಲ. ಖಂಡಿತ ವ್ಯತ್ಯಾಸ ಗೊತ್ತಾಯ್ತು ಅನ್ನೋಕೆ ಕನಿಷ್ಠ 15 ಸರಿ ಆಗಬೇಕು. ನನ್ನದು 11. ಕಣ್ಣು ಮುಚ್ಚಿ ನಾಣ್ಯ ಹೇಳಿದ ಹಾಗೇ ಹೇಳಿದ್ರೂ 10 ಬರುತ್ತಿತ್ತು.

"ಅಪ್ಪಾ, ಮಾರಿಬಿಡಿ" ಅಂದಳು.

ಅದೇ ಗುಂಗಿನಲ್ಲಿ ಸೈನ್ ವೇವ್ ಹಾಕಿ ಕಿವಿಯನ್ನೂ ಪರೀಕ್ಷೆ ಮಾಡಿಕೊಂಡೆ. 12 ಸಾವಿರ ಹರ್ಟ್ಜಿಗೆ ನನ್ನ ಕಿವಿ ಅಂಗಡಿ ಮುಚ್ಚುತ್ತೆ. ಆಂಪಿನ ಕೈಪಿಡಿಯಲ್ಲಿ 200 ಕಿಲೋಹರ್ಟ್ಜ್ ತನಕ ಅಂತ ಹೆಮ್ಮೆಯಿಂದ ಬರೆದಿದ್ದಾರೆ. ಬಾವಲಿಗಳಿಗೆ ಅನುಕೂಲ.

ಇಲ್ಲಿವರೆಗೆ ತಮಾಷೆ. ಮರ್ಯಾದೆ ಹೋಗೋದು ಇನ್ನು ಮುಂದೆ.

ಈ ಯಂತ್ರ ಕೊಂಡ ವರ್ಷವೇ ಧಾರವಾಡದಲ್ಲಿ ಅಪ್ಪನಿಗೆ ಕಿವಿ ಮಂದ ಆಗ್ತಾ ಇತ್ತು. ಫೋನ್ ಮಾಡಿದರೆ "ಕೇಳಸ್ತದಪಾ, ಆದ್ರ ಏನಂತೀ ಅಂತ ತಿಳಿಯಂಗಿಲ್ಲ" ಅಂತಿದ್ದರು. ನಾನು ದನಿ ಏರಿಸಿದರೆ "ಯಾಕ ಒದರ್ತೀಯೋ" ಅಂತ ಸಿಟ್ಟು. ವಯಸ್ಸಾಯ್ತು, ಹಟ ಜಾಸ್ತಿ ಆಗಿದೆ ಅಂತ ನಾನೂ ಅಮ್ಮನೂ ತೀರ್ಮಾನ ಮಾಡಿದ್ವಿ. ಮೂವತ್ತು ವರ್ಷ ಸದ್ದಿನ ಹಿಂದೆ ಬಿದ್ದವನಿಗೆ ಆ ಎರಡು ಮಾತಿನಲ್ಲೇ ಪೂರ್ತಿ ಕಥೆ ಇದೆ ಅಂತ ಹೊಳೀಲಿಲ್ಲ ನೋಡಿ! ಮುಪ್ಪಿನ ಕಿವುಡು ಮೊದಲು ತಿನ್ನೋದು ಮೇಲಿನ ಸ್ವರಗಳನ್ನ. ಆ, ಓ, ಊ ಎಲ್ಲ ಕೇಳುತ್ತೆ. ಸ, ಶ, ತ, ಕ ಮಾಯ. ಅಕ್ಷರಗಳ ಅಂಚೇ ಹೋದ ಮೇಲೆ ಸದ್ದು ಇರುತ್ತೆ, ಮಾತು ಇರಲ್ಲ. ಮೆಲ್ಲಗಿನ ಸದ್ದು ಕೇಳಲ್ಲ, ಆದರೆ ಜೋರು ಸದ್ದು ನಮ್ಮ ನಿಮ್ಮಷ್ಟೇ ಕಿವಿಗೆ ಚುಚ್ಚುತ್ತೆ. ಅದಕ್ಕೇ "ಯಾಕ ಒದರ್ತೀಯೋ".

ಶ್ರವಣ ಯಂತ್ರಕ್ಕೆ 60 ಸಾವಿರ ಅಂದಾಗ ಅಪ್ಪ ಬೇಡವೇ ಬೇಡ ಅಂದರು. ಈ ವಯಸ್ಸಿಗೆ ಅಷ್ಟು ಖರ್ಚು ಯಾಕೆ ಅಂತ. ನಾನೂ ಒಂದೇ ಸಲ ಕೇಳಿ ಸುಮ್ಮನಾದೆ. ನಿಜ ಹೇಳ್ತೀನಿ, ಒಂದೇ ಸಲ. ಆಂಪ್ ಬಗ್ಗೆ ಎಂಟು ತಿಂಗಳು ರಿವ್ಯೂ ಓದಿದ್ದೆ.

ಮಗಳ ಪರೀಕ್ಷೆಯಲ್ಲಿ ಫೇಲಾದ ಮೇಲಿನ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನ ಬಲವಂತವಾಗಿ ಎಳೆದುಕೊಂಡು ಹೋಗಿ ಆಡಿಯೋಗ್ರಾಮ್ ಮಾಡಿಸಿದೆ. ಗ್ರಾಫ್ ಒಂದು ಸಾವಿರ ಹರ್ಟ್ಜ್ ತನಕ ಸುಮಾರಾಗಿದ್ದು ಆಮೇಲೆ ಆಗುಂಬೆ ಘಾಟಿ ಇಳಿದ ಹಾಗೆ ಇಳಿದಿತ್ತು. ನಮ್ಮ ಹುಚ್ಚರ ಲೋಕದಲ್ಲಿ ಒಳ್ಳೆ ಆಂಪ್ ಅಂದ್ರೆ ಎಲ್ಲ ಸ್ವರವನ್ನೂ ಸಮನಾಗಿ, ಏನೂ ಸೇರಿಸದೆ ದೊಡ್ಡದು ಮಾಡೋದು. ಅಪ್ಪನ ಕಿವಿಗೆ ಆ ಪರಿಶುದ್ಧತೆ ಪೂರ್ತಿ ನಿರುಪಯೋಗಿ. ಅವರಿಗೆ ಬೇಕಿದ್ದದ್ದು ಮೇಲಿನ ಸ್ವರ ಮಾತ್ರ ಎತ್ತಬೇಕು, ಮೆಲ್ಲಗಿನದನ್ನ ಹೆಚ್ಚು, ಜೋರಾದದ್ದನ್ನ ಕಡಿಮೆ. ಅಷ್ಟೂ ಕೆಲಸವನ್ನ 1.4 ವೋಲ್ಟಿನ, ಕಿರುಬೆರಳ ಉಗುರಿನಷ್ಟು ಬ್ಯಾಟರಿಯಲ್ಲಿ ಮಾಡುವ ಯಂತ್ರ ಕಿವಿಯ ಹಿಂದೆ ಕೂತುಕೊಳ್ತು. ಅದಕ್ಕಿಂತ ಹೈ-ಎಂಡ್ ಹೆಡ್‌ಫೋನ್ ಆಂಪ್ಲಿಫೈಯರನ್ನ ನಾನು ನೋಡಿಲ್ಲ. ಅವತ್ತು ಸಂಜೆ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಈ ಫ್ಯಾನ್ ಯಾವಾಗಿಂದ ಹಿಂಗ ಸಪ್ಪಳ ಮಾಡಾಕತ್ತದ?"

ನನ್ನ ಹಾಗೆ ಹೆಡ್‌ಫೋನು, ಆಂಪು ಅಂತ ಓಡಾಡೋ ಗೆಳೆಯರಿಗೆ ಒಂದೇ ಮಾತು. ಮುಂದಿನ ಡಬ್ಬಿ ಆರ್ಡರ್ ಮಾಡೋ ಮುಂಚೆ ನಿಮ್ಮದೂ ಮನೆಯ ಹಿರಿಯರದೂ ಆಡಿಯೋಗ್ರಾಮ್ ಮಾಡಿಸಿ. ಮೈಸೂರಿನ ಕಡೆಯವರಾದರೆ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆಯೇ ಇದೆ. ಬೈಯೋದಿದ್ದರೆ ಕಾಮೆಂಟಿನಲ್ಲಿ ಬೈಯಿರಿ.

ಆಂಪ್ ಏನಾಯ್ತು ಅಂತೀರಾ? ಮಾರಲಿಲ್ಲ. ಮಾತಿಗೆ ಒದಗಿದ ಶ್ರವಣ ಯಂತ್ರ ಸಂಗೀತಕ್ಕೆ ಬಂದಾಗ ಕೈ ಕೊಡ್ತು. ತಂಬೂರಿಯ ಎಳೆದ ಸ್ವರವನ್ನ ಅದು ತನ್ನದೇ ಸೀಟಿ ಸದ್ದು ಅಂದುಕೊಂಡು ಅಳಿಸೋಕೆ ಹೋಗಿ ಸ್ವರ ಅಲುಗಾಡ್ತಿತ್ತು. "ಮನ್ಸೂರ ಅಣ್ಣಾವ್ರು ನೀರಾಗ ಮುಳುಗಿ ಹಾಡಿದಂಗ ಆಗ್ತದ" ಅಂದರು ಅಪ್ಪ. ಆಡಿಯಾಲಜಿಸ್ಟು ಸಂಗೀತಕ್ಕಂತ ಬೇರೆ ಪ್ರೋಗ್ರಾಮ್ ಹಾಕಿಕೊಟ್ಟರು, ಸ್ವಲ್ಪ ಸರಿ ಆಯ್ತು. ನಾನು ಇನ್ನೊಂದು ಮಾಡಿದೆ. ಅವರ ಆಡಿಯೋಗ್ರಾಮ್ ನೋಡಿ, ಆಡಿಯಾಲಜಿಸ್ಟರನ್ನ ಕೇಳಿ, ಫೋನಿನ ಈಕ್ವಲೈಸರಿನಲ್ಲಿ ಮೇಲಿನ ಸ್ವರಗಳನ್ನ 15 ಡೆಸಿಬೆಲ್ ಎತ್ತಿದೆ. ಹಾಗೆ ಎತ್ತಬೇಕಾದರೆ ಮೊದಲು ಒಟ್ಟು ಸದ್ದನ್ನ ಅಷ್ಟೇ ಇಳಿಸಬೇಕು, ಇಳಿಸಿದ್ದನ್ನ ಯಾರಾದರೂ ಮತ್ತೆ ತುಂಬಿಕೊಡಬೇಕು. 15 ಡೆಸಿಬೆಲ್ ಅಂದ್ರೆ ಮೂವತ್ತು ಪಟ್ಟಿಗಿಂತ ಜಾಸ್ತಿ ಪವರು. ಫೋನಿನ ಜಾಕಿಗೆ ಅಷ್ಟು ದಮ್ಮಿಲ್ಲ. ಲಾರಿಗೆ ಕೊನೆಗೂ ಒಂದು ಲೋಡು ಸಿಕ್ತು.

(ಓ2 ಕೂಡ ಈ ಕೆಲಸ ಮಾಡ್ತಿತ್ತು ಅಂತ ಗೊತ್ತು. ಆದರೆ ಅದರ ಗುಂಡಿ ತೀರಾ ಚಿಕ್ಕದು, ಅಪ್ಪನ ಬೆರಳಿಗೆ ಸಿಗಲ್ಲ.)

ಹಾಗಾಗಿ ಓ2 ಬೆಂಗಳೂರಿನಲ್ಲಿ ನನ್ನ ಜೊತೆ ಇದೆ, ಲಕ್ಷದ ಯಂತ್ರ ಧಾರವಾಡದಲ್ಲಿ ಅಪ್ಪನ ಮೇಜಿನ ಮೇಲೆ. ಇಲ್ಲಿಂದ ಆಚೆ ತಿರುಗಿಸಬೇಡಿ ಅಂತ ಅಮ್ಮ ವಾಲ್ಯೂಮ್ ಗುಂಡಿಯ ಪಕ್ಕ ಕುಂಕುಮದಲ್ಲಿ ಒಂದು ಬೊಟ್ಟು ಇಟ್ಟಿದ್ದಾರೆ. ಮೇಲೆ ಏನೂ ಇಡಬೇಡಿ, ಗಾಳಿ ಆಡಬೇಕು ಅಂತ ನಾನು ಹೇಳಿ ಬಂದಿದ್ದೆ. ಮೊನ್ನೆ ವಿಡಿಯೋ ಕಾಲಿನಲ್ಲಿ ನೋಡಿದರೆ ಅದರ ಬಿಸಿಗೆ ಬೆಕ್ಕು ಮಲಗಿತ್ತು.