ಹಾರ್ಮೋನ್ ಮಾತ್ರೆ: ಬಿಡುವ ಮುನ್ನ ಒಂದು ಮಾತು

ಹೊಸಪೇಟೆಯ ಬಿಸಿಲು ಎಲ್ಲರಿಗೂ ಒಂದೇ. ಆದರೆ ಡಿಸೆಂಬರ್ ರಾತ್ರಿಯಲ್ಲೂ ದಡಕ್ಕನೆ ಎದ್ದು ಫ್ಯಾನ್ ಹಾಕಿಕೊಳ್ಳುವವರು ಮನೆಯಲ್ಲಿ ನೀವೊಬ್ಬರೇ. ಎದೆಯಿಂದ ಮುಖದವರೆಗೆ ಕಾವೇರಿ, ರವಿಕೆ ಒದ್ದೆ. 'ನಮ್ಮೂರಾಗ ಶೆಕೆ ಇದ್ದದ್ದೇ ಬಿಡು' ಅಂತಾರೆ ಮನೆಯವರು. ನಿಮಗೆ 46-47ರ ಆಸುಪಾಸಾಗಿ, ಮುಟ್ಟು ಏರುಪೇರಾಗಿದ್ದರೆ ಅದು ಬರೀ ಶೆಕೆಯಲ್ಲ. ಮುಟ್ಟು ನಿಲ್ಲುವ ಕಾಲದ ಲಕ್ಷಣ.

ಇದಕ್ಕೆ ಹಾರ್ಮೋನ್ ಚಿಕಿತ್ಸೆ ಇದೆ. ಆದರೆ ಶುರು ಮಾಡಿದ ಎಷ್ಟೋ ಮಂದಿ ಡಾಕ್ಟರಿಗೂ ಹೇಳದೆ ಬಿಟ್ಟುಬಿಡ್ತಾರೆ. ಕಾರಣ ಕೇಳಿದರೆ ಒಂದೇ ಮಾತು: 'ಕ್ಯಾನ್ಸರ್ ಬರುತ್ತಂತಲ್ರೀ!'

ಭಯ ಹುಟ್ಟಿದ್ದು ಹೇಗೆ?

2002ರಲ್ಲಿ ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆಯುತ್ತಿದ್ದ ಅಧ್ಯಯನವೊಂದನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಎರಡು ಹಾರ್ಮೋನ್ ಸೇರಿದ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು. ಎಷ್ಟು ಹೆಚ್ಚು? ವರ್ಷಕ್ಕೆ 10 ಸಾವಿರ ಮಂದಿಯಲ್ಲಿ 30 ಇದ್ದದ್ದು 38. ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಯೂ ಸ್ವಲ್ಪ ಹೆಚ್ಚಿತ್ತು. ಆದರೆ ಅವರ ಸರಾಸರಿ ವಯಸ್ಸು 63! ಆ ಲೆಕ್ಕವನ್ನು 47ರ ಹೆಂಗಸಿಗೆ ಹಾಗೇ ಹಚ್ಚಲಾಗದು.

ನವೆಂಬರ್ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಈ ಔಷಧಗಳ ಮೇಲಿನ ಹೃದ್ರೋಗ, ಸ್ತನ ಕ್ಯಾನ್ಸರ್ ಕುರಿತ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವುದಾಗಿ ಪ್ರಕಟಿಸಿತು. ಹಾಗಂತ ಅಪಾಯವೇ ಇಲ್ಲ ಅಂತಲ್ಲ. 60ರೊಳಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡಿದರೆ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಎಂಬುದು ಇಂದಿನ ತಜ್ಞರ ನಿಲುವು.

ಬಿಡುವವರು, ಮುಂದುವರಿಸುವವರು

ಬಿಡಲು ಬೇರೆ ಕಾರಣಗಳೂ ಇವೆ. ಮೊದಲ ಮೂರ್ನಾಲ್ಕು ತಿಂಗಳು ಸ್ತನ ನೋವು, ಮಧ್ಯೆ ಮಧ್ಯೆ ರಕ್ತ ಕಾಣಿಸುವುದು ಉಂಟು. ಎಷ್ಟೋ ಸಲ ಇದು ತಾನಾಗೇ ಸರಿಹೋಗುತ್ತದೆ, ಇಲ್ಲವೇ ಪ್ರಮಾಣ ಬದಲಿಸಿದರೆ ಸಾಕು. ಆದರೆ ಸಂಡೂರಿನಿಂದಲೋ ಕಂಪ್ಲಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಡಾಕ್ಟರ್ ಹತ್ತಿರ ಮತ್ತೆ ಬರುವುದು ಯಾರು? ಚೀಟಿ ಮುಗಿದಲ್ಲಿಗೆ ಚಿಕಿತ್ಸೆಯೂ ಮುಗಿಯುತ್ತದೆ. ಮುಂದುವರಿಸುವವರು ಹೇಳುವುದು ಸರಳ: 'ನಿದ್ದೆ ಬಂತು, ಸಿಡುಕು ಹೋಯ್ತು.' ಮೂಳೆ ಸವೆತಕ್ಕೂ ತಡೆ.

ಗರ್ಭಚೀಲ ತೆಗೆಸಿದವರ ಕಥೆ

ಯಾರೂ ಹೆಚ್ಚು ಮಾತಾಡದ ಒಂದು ಗುಂಪಿದೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನು ವಿನಾಕಾರಣ ತೆಗೆದ ದೂರುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದ್ದವು. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಗರ್ಭಚೀಲದ ಜೊತೆ ಎರಡೂ ಅಂಡಾಶಯ ಹೋದರೆ 35ಕ್ಕೇ ಮುಟ್ಟು ನಿಂತ ಸ್ಥಿತಿ ಬರುತ್ತದೆ. ಮೂಳೆ, ಹೃದಯ ಎರಡಕ್ಕೂ ಹೊಡೆತ. ಬೇರೆ ತೊಂದರೆ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಬೇಕೆನ್ನುತ್ತದೆ ವೈದ್ಯಶಾಸ್ತ್ರ. ಇದನ್ನು ಇವರಿಗೆ ಹೇಳುವವರೇ ಕಡಿಮೆ. ಆಪರೇಷನ್ ಆದವರು ಡಿಸ್‌ಚಾರ್ಜ್ ಚೀಟಿ ತೆಗೆದು ನೋಡಿ: ಅಂಡಾಶಯ ಉಳಿದಿದೆಯಾ?

ಇಷ್ಟು ನೆನಪಿಡಿ

* ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಲಿವರ್ ಕಾಯಿಲೆ ಆಗಿದ್ದರೆ, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ಮೊದಲೇ ಹೇಳಿ. ಇಂಥವರಿಗೆ ಈ ಮಾತ್ರೆ ಸಾಮಾನ್ಯವಾಗಿ ಬೇಡ.
* ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ಪ್ರೊಜೆಸ್ಟರಾನ್ ಜೊತೆಗಿರಬೇಕು.
* ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ಕೇಳಿ ನೋಡಿ.
* ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ತಡಮಾಡದೆ ತೋರಿಸಿ.
* ವರ್ಷಕ್ಕೊಮ್ಮೆ ಬಿಪಿ, ಸ್ತನ ತಪಾಸಣೆ ಮಾಡಿಸಿ, 'ಇನ್ನೂ ಬೇಕಾ?' ಅಂತ ಕೇಳಿ.

ಮುಂದುವರಿಸುವುದೋ ನಿಲ್ಲಿಸುವುದೋ, ತೀರ್ಮಾನ ನಿಮ್ಮದೇ. ಆದರೆ ಅದನ್ನು ಓಣಿಯ ಮಾತು ಕೇಳಿ ಮಾಡಬೇಡಿ, ಡಾಕ್ಟರ ಎದುರು ಕೂತು ಮಾಡಿ.