ದತ್ತೂರಿ: ವಿಷವೂ ಅದೇ, ಮದ್ದೂ ಅದೇ

ವರದೆ ತುಂಗಭದ್ರೆಯನ್ನು ಸೇರುವ ಗಳಗನಾಥದಲ್ಲಿ ಗಳಗೇಶ್ವರನ ಗುಡಿಗೆ ಹೋಗಿದ್ವಿ. ದಾರಿಬದಿಯ ದತ್ತೂರಿ ಕಾಯಿಗೆ ಅಣ್ಣನ ಮಗಳು ಕೈಹಾಕಿದಳು. "ಬ್ಯಾಡವಾ, ಹುಚ್ಚ ಹಿಡಿತೈತಿ" ಅಂದ್ರು ಅಜ್ಜಿ.

ಅಜ್ಜಿ ಮಾತು ನಿಜ. ಇದರಲ್ಲಿರುವ ಅಟ್ರೊಪಿನ್, ಸ್ಕೊಪೊಲಮೀನ್ ಟ್ರೋಪೇನ್ ಗುಂಪಿನ ಆಲ್ಕಲಾಯ್ಡ್‌ಗಳು. ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ಇವು ಕೂತುಬಿಡುತ್ತವೆ. ಬಾಯಿ ಒಣಗುತ್ತೆ, ಕಣ್ಣಪಾಪೆ ಹಿಗ್ಗುತ್ತೆ, ಮನಸ್ಸು ಭ್ರಮಿಸುತ್ತೆ.

ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಎಣ್ಣೆ ಮೈಗೆ ಸೇರಿದರೆ ಇದರ ಉಲ್ಟಾ: ಅಸಿಟೈಲ್‌ಕೋಲಿನ್ ಮಿತಿಮೀರಿ ಉಸಿರು ಕಟ್ಟುತ್ತೆ. ಆಗ ಆಸ್ಪತ್ರೆಯಲ್ಲಿ ರೈತನ ಜೀವ ಉಳಿಸೋದು ಇದೇ ಅಟ್ರೊಪಿನ್ ಇಂಜೆಕ್ಷನ್.

ಹಾಗಂತ ಮನೆಮದ್ದು ಮಾಡಬೇಡಿ. ಇಂಜೆಕ್ಷನ್ನಿಗೆ ಅಳತೆ ಉಂಟು. ಗಿಡಕ್ಕಿಲ್ಲ, ಒಂದು ಕಾಯಿಯಷ್ಟು ವಿಷ ಇನ್ನೊಂದರಲ್ಲಿರಲ್ಲ. ಮಗು ತಿಂದಿದ್ದರೆ ಕಾಯಿಯ ಚೂರಿನ ಸಮೇತ ಆಸ್ಪತ್ರೆಗೆ ಓಡಿ.