ಕಾಣದ ಬೋರ್ಡಿಗೆ ದಂಡ ಕಟ್ಟಬೇಕೇ?

ಕಳೆದ ಆಟಿಯಲ್ಲಿ ಉಮ್ಮನನ್ನು ಮಂಗಳೂರಿನ ಡಾಕ್ಟರಿಗೆ ತೋರಿಸಿ ವಾಪಸ್ ಬರುತ್ತಿದ್ದೆವು. ಶಾಲೆಗಳಿಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದ ದಿನ ಅದು. ವೈಪರ್ ಎಷ್ಟು ಜೋರಾಗಿ ಆಡಿದರೂ ಎದುರಿನ ಬಸ್ಸಿನ ಕೆಂಪು ಲೈಟ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಿಧಾನಕ್ಕೆ ಒಂದು ಅಡ್ಡರಸ್ತೆಗೆ ತಿರುಗಿ ಮನೆ ಸೇರಿದೆವು. ಹತ್ತು ದಿನದಲ್ಲಿ ನೋಟಿಸ್ ಬಂತು. ನೋ ಎಂಟ್ರಿ ರಸ್ತೆಗೆ ನುಗ್ಗಿದ್ದಕ್ಕೆ 500 ರೂಪಾಯಿ ದಂಡ!

ಮರುದಿನವೇ ಆ ಜಾಗಕ್ಕೆ ಹೋಗಿ ನೋಡಿದೆವು. ಬೋರ್ಡು ಇದೆ, ಇಲ್ಲ ಎನ್ನುವ ಹಾಗಿಲ್ಲ. ಆದರೆ ಗಾಳಿಗೆ ಬಾಗಿದ ಬಾದಾಮಿ ಮರದ ಗೆಲ್ಲು ಅದರ ಮುಖಕ್ಕೇ ಅಡ್ಡ ಬಿದ್ದಿತ್ತು. ಪಕ್ಕದ ಗೂಡಂಗಡಿಯವರು, "ಇಲ್ಲಿ ದಿನಾ ಇದೇ ಕತೆ ಉಸ್ತಾದರೇ, ಗೆಲ್ಲು ಬಾಗಿ ತಿಂಗಳಾಯಿತು" ಎಂದರು. ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು: "ಕಟ್ಟಿ ಬಿಡಿ ಮಾರಾಯ್ರೆ, 500 ರೂಪಾಯಿಗೆ ಕೋರ್ಟು ಕಚೇರಿ ಎಂತಕ್ಕೆ?"

ಈ 'ಕಟ್ಟಿ ಬಿಡಿ' ಎಂಬ ಮಾತೇ ನಮ್ಮ ಚಿಂತೆ. 2023ರ ಫೆಬ್ರವರಿಯಲ್ಲಿ ಸರಕಾರ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ತಪ್ಪು ಮಾಡಿದವರು ಕಟ್ಟಲಿ, ಅದು ಸರಿ. ಆದರೆ ತಪ್ಪು ಮಾಡದವನೂ ಅರ್ಧ ಬೆಲೆಗೆ ಸಿಕ್ಕಿತೆಂದು ಕಟ್ಟಿದರೆ, ಅವನು ತಪ್ಪೊಪ್ಪಿಕೊಂಡ ಲೆಕ್ಕ. ಪ್ರಕರಣ ಅಲ್ಲಿಗೇ ಮುಗಿಯುತ್ತದೆ, ಗೆಲ್ಲು ಮಾತ್ರ ಅಲ್ಲೇ ಉಳಿಯುತ್ತದೆ. ನಾಳೆ ಎದುರಿನಿಂದ ಬರುವ ಲಾರಿಗೆ ಯಾರದೋ ಮಗನ ಬೈಕ್ ಸಿಕ್ಕಿಕೊಂಡರೆ?

1988ರ ಮೋಟಾರು ವಾಹನ ಕಾಯ್ದೆಯ 119ನೇ ಸೆಕ್ಷನ್ ಪ್ರಕಾರ ಚಾಲಕ ರಸ್ತೆಯ ಕಡ್ಡಾಯ ಸೂಚನಾ ಫಲಕಗಳನ್ನು ಪಾಲಿಸಲೇಬೇಕು. ಪಾಲಿಸಬೇಕಾದರೆ ಮೊದಲು ಕಾಣಬೇಕಲ್ಲ? ಫಲಕ ಹಾಕುವ ಅಧಿಕಾರ 116ನೇ ಸೆಕ್ಷನ್‌ನಲ್ಲಿ ಸರಕಾರದ ಕೈಯಲ್ಲೇ ಇದೆ. 2021ರಲ್ಲಿ ಬಂದ 167ಎ ನಿಯಮವಂತೂ ಕ್ಯಾಮೆರಾ ಇರುವ ರಸ್ತೆಗೆ ಮೊದಲೇ ಎಚ್ಚರಿಕೆ ಫಲಕ ಎದ್ದು ಕಾಣುವಂತೆ ಇರಬೇಕು, ನೋಟಿಸ್ 15 ದಿನದೊಳಗೆ ಕಳುಹಿಸಬೇಕು ಎನ್ನುತ್ತದೆ. ಕಾನೂನು ಗೊತ್ತಿರಲಿಲ್ಲ ಎನ್ನುವುದು ನೆಪ. ಬೋರ್ಡು ಮುಚ್ಚಿತ್ತು ಎನ್ನುವುದು ನೆಪವಲ್ಲ, ಅದನ್ನು ತೋರಿಸಿಕೊಡಬಹುದು.

ಹಾಗೆಂದು ಮಳೆಯನ್ನು ಎಲ್ಲದಕ್ಕೂ ಅಡ್ಡ ಹಿಡಿಯಬಾರದು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ದಾರಿ ಕಾಣದಿದ್ದರೆ ವೇಗ ಇಳಿಸುವುದು ನಮ್ಮದೇ ಜವಾಬ್ದಾರಿ. ಹೆಲ್ಮೆಟ್ ಇಲ್ಲದ್ದಕ್ಕೆ ಮಳೆ ಕಾರಣವಲ್ಲ. ದಿನಾ ಓಡಾಡುವ ರಸ್ತೆ ಏಕಮುಖ ಎಂದು ಗೊತ್ತಿದ್ದೂ 'ಬೋರ್ಡು ಕಾಣಲಿಲ್ಲ' ಎಂದರೆ ಅದು ಸುಳ್ಳು ಸಾಕ್ಷಿ. ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡುವ ನಾವು ಅಲ್ಲಿ ಹೋಗಿ ಸುಳ್ಳು ಹೇಳುವುದೆಂದರೇನು? ನಿಜವಾಗಿ ಕಾಣದಿದ್ದವರಿಗೆ ಮಾತ್ರ ಈ ಮಾತು.

ಅಂಥವರು ಮೊದಲು ದಂಡ ಕಟ್ಟಬಾರದು. ನೋಟಿಸಿನಲ್ಲಿರುವ ಫೋಟೋ, ಸಮಯ, ಜಾಗ, ವಾಹನದ ನಂಬರ್ ಸರಿ ಇದೆಯೇ ನೋಡಬೇಕು. ಜಾಗಕ್ಕೆ ಹೋಗಿ ಚಾಲಕನ ಸೀಟಿನಿಂದಲೇ, ತಾನು ಬಂದ ದಿಕ್ಕಿನಿಂದಲೇ ಬೋರ್ಡಿನ ಫೋಟೋ ತೆಗೆಯಬೇಕು. ದೂರದಿಂದ ಒಂದು, ಹತ್ತಿರದಿಂದ ಒಂದು. ತಡ ಮಾಡಿದರೆ ಗೆಲ್ಲು ಕಡಿದುಬಿಡಬಹುದು. ಆ ದಿನದ ಪತ್ರಿಕೆಯಲ್ಲಿ ಬಂದ ಮಳೆ ಎಚ್ಚರಿಕೆಯ, ಶಾಲಾ ರಜೆಯ ಸುದ್ದಿ ಇಟ್ಟುಕೊಳ್ಳಬೇಕು. ಹವೆ ಕೆಟ್ಟಿತ್ತೆಂದು ಜಿಲ್ಲಾಡಳಿತವೇ ಹೇಳಿದ್ದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಇವನ್ನೆಲ್ಲ ಸೇರಿಸಿ ಸಂಚಾರ ಠಾಣೆಗೆ ಲಿಖಿತ ಆಕ್ಷೇಪ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಬೇಕು. ಪ್ರಕರಣ ವರ್ಚುವಲ್ ಕೋರ್ಟಿಗೆ ಹೋದರೂ ದಂಡ ಕಟ್ಟುತ್ತೇನೆ ಎಂಬುದರ ಜೊತೆಗೆ ಪ್ರಶ್ನಿಸುತ್ತೇನೆ ಎಂಬ ಆಯ್ಕೆಯೂ ಇರುತ್ತದೆ. ಹಾಗೆ ಪ್ರಶ್ನಿಸಿದರೆ ಅದು ಮಾಮೂಲಿ ಕೋರ್ಟಿಗೆ ಬರುತ್ತದೆ. ನೋಟಿಸ್ ಹರಿದು ಬಿಸಾಡಿ ಸುಮ್ಮನಿರುವುದು ಮಾತ್ರ ದಾರಿಯಲ್ಲ.

ನಮ್ಮದು ಏನಾಯಿತು? ಠಾಣೆಯವರು ಮರ್ಯಾದೆಯಿಂದಲೇ ಮಾತಾಡಿದರು, ಆದರೆ ರದ್ದು ಮಾಡುವುದು ತಮ್ಮ ಕೈಯಲ್ಲಿಲ್ಲ ಎಂದರು. ಕೋರ್ಟಿಗೆ ಎರಡು ಸಲ ಹೋದೆವು. ಫೋಟೋ ನೋಡಿ ಕೇಸು ಕೈಬಿಟ್ಟರು. ಎರಡು ಅರ್ಧ ದಿನದ ರಜೆ, ಬಸ್ ಚಾರ್ಜ್ ಲೆಕ್ಕ ಹಾಕಿದರೆ 500 ರೂಪಾಯಿಗಿಂತ ಜಾಸ್ತಿಯೇ ಆಗಿದೆ. ದಿನಗೂಲಿಯವರಿಗೆ, ರಿಕ್ಷಾ ಓಡಿಸುವವರಿಗೆ ಇದು ಸಾಧ್ಯವೇ? ಬೋರ್ಡು ಮುಚ್ಚಿದ ದೂರುಗಳನ್ನು ಠಾಣೆಯಲ್ಲೇ ಪರಿಶೀಲಿಸಿ ನೋಟಿಸ್ ಹಿಂದೆಗೆಯುವ ವ್ಯವಸ್ಥೆ ಬರಬೇಕು. ಮೇ ತಿಂಗಳಲ್ಲಿ ಚರಂಡಿ ಹೂಳೆತ್ತುವಾಗಲೇ ಬೋರ್ಡುಗಳ ಮೇಲಿನ ಗೆಲ್ಲು, ಬಳ್ಳಿಗಳನ್ನೂ ತೆಗೆಸಬೇಕು. ನಮ್ಮ ಊರುಗಳ ಯುವಕರು ತಮ್ಮ ಸುತ್ತಲಿನ ಬೋರ್ಡುಗಳ ಫೋಟೋ ತೆಗೆದು ಪಂಚಾಯತಿಗೆ, ಪಾಲಿಕೆಗೆ ಒಂದು ಅರ್ಜಿ ಕೊಟ್ಟರೂ ಅರ್ಧ ಕೆಲಸ ಆದ ಹಾಗೆ.

ಮೊನ್ನೆ ಅದೇ ದಾರಿಯಲ್ಲಿ ಹೋದೆವು. ಗೆಲ್ಲು ಕಡಿದಿದ್ದಾರೆ. ಬೋರ್ಡು ದೂರದಿಂದಲೇ ಕಾಣುತ್ತದೆ. ಖರ್ಚಾದ ದುಡ್ಡಿನ ಬಗ್ಗೆ ಈಗ ಬೇಸರವಿಲ್ಲ.